ಸೋರುವ ತೊಟ್ಟಿ, ಸೊರಗುವ ಅಬ್ಬಿ

ಮಲೆನಾಡಿಗೆ ನೀರಿನ ಬಡತನವಿಲ್ಲ ಎಂಬುದು ಹಳೆಯ ಹೆಮ್ಮೆ. ಆಗುಂಬೆಯಂಥ ಊರಿನಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವುದು ನಿಜ. ಆದರೆ ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಮುಗಿದುಹೋಗುತ್ತದೆ. ಮಾರ್ಚ್ ಕಳೆಯುವ ಹೊತ್ತಿಗೆ ಅಬ್ಬಿಯಲ್ಲಿ ಉಳಿಯುವುದು ಕಾನಿನ ನೆಲ ಹೀರಿ ಹಿಡಿದಿಟ್ಟು ಜಿನುಗಿಸುವ ಬೆರಳಗಲದ ಧಾರೆ ಮಾತ್ರ. ಆ ಧಾರೆಯನ್ನು ಪೈಪಿನಲ್ಲಿ ಮನೆಗೆ ತಂದು, ಹಗಲಿರುಳೂ ಶೌಚಾಲಯದ ಗುಂಡಿಗೆ ಹರಿಯಬಿಡುವುದಕ್ಕೆ ಅಜಾಗರೂಕತೆ ಎಂಬ ಮಾತು ಸಾಲದು. ಅದು ಕೆಳಗಿನ ಮನೆಯ ಕೊಡಕ್ಕೆ ಕೈ ಹಾಕಿದಂತೆ.

ನೀರನ್ನು ಹೊತ್ತು ತರುತ್ತಿದ್ದ ಕಾಲದಲ್ಲಿ ಚೊಂಬಿನ ತೂಕ ಎಲ್ಲರಿಗೂ ತಿಳಿದಿತ್ತು. ಹೊಸ ಮನೆ, ಹೋಂಸ್ಟೇ, ವಿದ್ಯಾರ್ಥಿನಿಲಯಗಳೊಂದಿಗೆ ಫ್ಲಶ್ ತೊಟ್ಟಿ ಬಂದಿತು. ಬಂದದ್ದು ತಪ್ಪಲ್ಲ, ಕೆಟ್ಟದ್ದನ್ನು ಕೇಳಿಯೂ ಕೇಳದಂತಿರುವುದು ತಪ್ಪು. ನಲ್ಲಿ ಸೋರಿದರೆ ನೆಲ ಒದ್ದೆಯಾಗುತ್ತದೆ. ಫ್ಲಶ್ ತೊಟ್ಟಿ ಒಳಗೊಳಗೇ ಸೋರಿದರೆ ನೆಲವೂ ನೆನೆಯುವುದಿಲ್ಲ. ಪಂಪಿರುವಲ್ಲಿ ಮೋಟಾರು ಮತ್ತೆ ಮತ್ತೆ ಓಡಿ ಗುಟ್ಟು ಬಯಲಾಗುತ್ತದೆ. ಇಳಿಜಾರಿನ ಬಲದಿಂದ ತಾನೇ ಇಳಿದುಬರುವ ಅಬ್ಬಿ ನೀರಿಗೆ ಆ ಸಾಕ್ಷಿಯೂ ಇಲ್ಲ.

ಲೆಕ್ಕ ಸರಳವಾಗಿದೆ. ತೊಟ್ಟಿಯಿಂದ ಐದು ನಿಮಿಷಕ್ಕೆ ಒಂದು ಲೀಟರ್ ಸೋರಿದರೆ ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಗ್ರಾಮೀಣ ವ್ಯಕ್ತಿಯೊಬ್ಬರಿಗೆ ದಿನಕ್ಕೆ 55 ಲೀಟರ್ ನೀರನ್ನು ಗೊತ್ತುಪಡಿಸಿದೆ. ಐವರ ಕುಟುಂಬಕ್ಕೆ 275 ಲೀಟರ್. ಒಂದು ಕೆಟ್ಟ ತೊಟ್ಟಿ ಇಡೀ ಕುಟುಂಬದ ಪಾಲನ್ನು ನುಂಗಿ ಇನ್ನೂ ಬಾಯಿ ತೆರೆದಿರುತ್ತದೆ.

‘ಹೋದ ನೀರು ಮತ್ತೆ ಭೂಮಿಗೇ ಸೇರುತ್ತದಲ್ಲ’ ಎಂಬ ಸಮಾಧಾನವೊಂದಿದೆ. ಅಬ್ಬಿಯಿಂದ ಹೊರಟದ್ದು ಕುಡಿಯುವ ನೀರು. ಗುಂಡಿಯಿಂದ ಇಂಗುವುದು ಹೊಲಸು ನೀರು. ಇಂಗುಗುಂಡಿಗೆ ಬಿಡುವಿಲ್ಲದೆ ನೀರು ತುಂಬಿದರೆ ಮಲ ಕಳಿಯಲು ಅವಕಾಶವಿರುವುದಿಲ್ಲ. ಅಂತರ್ಜಲ ಮೇಲಿರುವಲ್ಲಿ ರೋಗಾಣುಗಳು ಬಾವಿಯವರೆಗೂ ಸಾಗಬಲ್ಲವು.

‘ನದಿಗಳನ್ನೇ ತಿರುಗಿಸುವವರಿರುವಾಗ ಬಡವರ ಮನೆಯ ತೊಟ್ಟಿಯೇಕೆ ಕಣ್ಣಿಗೆ ಬೀಳಬೇಕು?’ ಎಂಬುದು ಇನ್ನೊಂದು ಆಕ್ಷೇಪ. ದೊಡ್ಡ ಯೋಜನೆಗಳ ಹಾನಿ ದೊಡ್ಡದೇ; ವಾಷರ್ ಬದಲಿಸಿದ ಮಾತ್ರಕ್ಕೆ ಅಣೆಕಟ್ಟು ನಿಲ್ಲುವುದಿಲ್ಲ. ಆದರೆ 2019ರಲ್ಲಿ ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಬೀದಿಗಿಳಿದ ಮಲೆನಾಡು, ನಗರದ ದುಂದನ್ನೂ ಪ್ರಶ್ನಿಸಿತ್ತು. 2024ರ ಬೇಸಗೆಯಲ್ಲಿ ಕೊರತೆ ಬಿಗಿಯಾದಾಗ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ನೀರು ಉಳಿಸುವ ಸಾಧನಗಳನ್ನು ಕಡ್ಡಾಯ ಮಾಡಿತು. ‘ಮೊದಲು ನಿಮ್ಮ ಸೋರಿಕೆ ನಿಲ್ಲಿಸಿ’ ಎಂದು ನಗರಕ್ಕೆ ಹೇಳುವವರ ಮನೆಯಲ್ಲೇ ತೊಟ್ಟಿ ಸೋರುತ್ತಿದ್ದರೆ ಆ ಮಾತಿಗೆ ಬೆಲೆ ಎಲ್ಲಿಂದ ಬರಬೇಕು?

ದುರಸ್ತಿಗೆ ಪಂಡಿತರು ಬೇಕಿಲ್ಲ. ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿಗಳನ್ನು ತೊಟ್ಟಿಗೆ ಬಿಟ್ಟು, ಅರ್ಧ ಗಂಟೆ ಫ್ಲಶ್ ಮಾಡದೆ ಕಾದರೆ ಸಾಕು. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಂಡರೆ ಸೋರಿಕೆ ಖಚಿತ. ನೀರು ಒಳಗಿನ ಓವರ್‌ಫ್ಲೋ ಕೊಳವೆಯ ಬಾಯಿಗೆ ಏರಿ ಇಳಿಯುತ್ತಿದ್ದರೆ ದೋಷ ಬಾಲ್‌ಕಾಕ್‌ನದು: ತೇಲುಬುರುಡೆಯನ್ನು ತಗ್ಗಿಸಿ, ಕೊಳವೆಯ ಬಾಯಿಗಿಂತ ಒಂದು ಅಂಗುಲ ಕೆಳಗೇ ನೀರು ನಿಲ್ಲುವಂತೆ ಮಾಡಬೇಕು, ಆಗಲೂ ನಿಲ್ಲದಿದ್ದರೆ ಅದರ ವಾಷರ್ ಬದಲಿಸಬೇಕು. ನೀರು ಅಲ್ಲಿಯವರೆಗೆ ಏರದೆಯೂ ನೀಲಿ ಇಳಿದರೆ ತೊಟ್ಟಿಯ ತಳದ ರಬ್ಬರು ಸವೆದಿದೆ, ಇಲ್ಲವೇ ಅದರಡಿ ಮರಳು ಸಿಕ್ಕಿದೆ. ನೀರಿನ ವಾಲ್ವ್ ಮುಚ್ಚಿ, ತೊಟ್ಟಿ ಬರಿದುಮಾಡಿ, ಒರೆಸಿ ನೋಡಬೇಕು; ಸವೆದಿದ್ದರೆ ಬದಲಿಸಬೇಕು. ಅಬ್ಬಿ ನೀರಿನ ಪೈಪಿನ ಬಾಯಿಗೆ ಜಾಳಿಗೆ ಕಟ್ಟಿದರೆ ಮರಳು, ಎಲೆಚೂರು ಅಲ್ಲಿಯೇ ತಡೆಯುತ್ತವೆ.

ವಿದ್ಯಾರ್ಥಿನಿಲಯಗಳಲ್ಲಿ ಈ ಕೆಲಸ ಯಾರದೂ ಅಲ್ಲವಾಗಿದೆ. ಅಲ್ಲಿ ಹತ್ತು ತೊಟ್ಟಿಗಳು ಹೀಗೆ ಸೋರಿದರೆ ದಿನಕ್ಕೆ 2,880 ಲೀಟರ್. ಕಾಡು ಉಳಿಸುವ ಜಾಥಾದಲ್ಲಿ ಘೋಷಣೆ ಕೂಗುವ ವಿದ್ಯಾರ್ಥಿಗಳು ಒಂದು ಭಾನುವಾರ ನೀಲಿ ಹಿಡಿದು ತಮ್ಮ ನಿಲಯದ ತೊಟ್ಟಿಗಳನ್ನು ಪರೀಕ್ಷಿಸಲಿ. ಸೋರುವವುಗಳ ಪಟ್ಟಿಯನ್ನು ಬರೆದು ಮೇಲ್ವಿಚಾರಕರ ಮೇಜಿನ ಮೇಲಿಡಲಿ. ದುರಸ್ತಿಯಾಗುವವರೆಗೆ ಬೆನ್ನು ಬಿಡದಿರಲಿ. ಕಾನಿನ ನೆಲ ವರ್ಷವಿಡೀ ಜತನ ಮಾಡಿದ ನೀರನ್ನು ಒಂದು ತುಂಡು ರಬ್ಬರಿನ ಸೋಮಾರಿತನಕ್ಕೆ ಬಲಿಕೊಡುವ ಹಕ್ಕು ಯಾರಿಗೂ ಇಲ್ಲ.