ಬೆಂಗಳೂರಿನ ಬಸ್ಸಿಗೆ ರಸ್ತೆಯಲ್ಲಿ ಪಾಲು ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ,
ಬೆಂಗಳೂರು.

ಇವರಿಂದ,
ಬಸ್ಸನ್ನೇ ನಂಬಿ ಓಡಾಡುವ ಪ್ರಯಾಣಿಕರು: ಗಾರ್ಮೆಂಟ್ಸ್ ಕೆಲಸಗಾರರು, ಮನೆಗೆಲಸದವರು, ವಿದ್ಯಾರ್ಥಿಗಳು, ಹೂವು–ತರಕಾರಿ ವ್ಯಾಪಾರಿಗಳು, ನಿವೃತ್ತರು.

ವಿಷಯ: ನಗರ ಸಾರಿಗೆ ಬಸ್ಸುಗಳಿಗೆ ಪ್ರತ್ಯೇಕ ಪಥ, ನಿಶ್ಚಿತ ಅನುದಾನ ಹಾಗೂ ಹೊಸ ಮಾರ್ಗ ಯೋಜನೆ ಒದಗಿಸುವ ಬಗ್ಗೆ.

ಮಾನ್ಯರೇ,

ಈ ಮನವಿಯನ್ನು ನಗರದ ಬಸ್ಸು ಓಡಿಸುವ ನಿಗಮವಾದ ಬಿಎಂಟಿಸಿಗೆ ಕೊಡದೆ ತಮಗೆ ಏಕೆ ಕೊಡುತ್ತಿದ್ದೇವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಈ ಊರಿನಲ್ಲಿ ಬಸ್ಸು ನಿಗಮದ್ದು, ಅದು ಓಡುವ ರಸ್ತೆ ಪಾಲಿಕೆಯದು, ಸಿಗ್ನಲ್ಲು ಸಂಚಾರ ಪೊಲೀಸರದು, ತಂಗುದಾಣ ಬಹುಮಟ್ಟಿಗೆ ಜಾಹೀರಾತು ಗುತ್ತಿಗೆದಾರರದು, ಪಕ್ಕದಲ್ಲಿ ಎದ್ದಿರುವ ಕಂಬ ಮೆಟ್ರೊ ನಿಗಮದ್ದು. ಯಾರ ಬಾಗಿಲಿಗೆ ಹೋದರೂ ಇನ್ನೊಬ್ಬರ ಬಾಗಿಲು ತೋರಿಸುತ್ತಾರೆ. 2025ರಲ್ಲಿ ಪಾಲಿಕೆಯೂ ಒಡೆದು ಐದಾದ ಮೇಲೆ ತಟ್ಟಬೇಕಾದ ಬಾಗಿಲುಗಳು ಇನ್ನಷ್ಟು ಹೆಚ್ಚಿವೆ. ಇವರೆಲ್ಲರನ್ನೂ ಒಂದೇ ಮೇಜಿನ ಸುತ್ತ ಕೂರಿಸಲೆಂದೇ 2022ರ ಕಾಯ್ದೆ ತಮ್ಮ ಪ್ರಾಧಿಕಾರವನ್ನು ರಚಿಸಿತು. ಮುಖ್ಯಮಂತ್ರಿಗಳನ್ನೇ ಅದರ ಅಧ್ಯಕ್ಷರನ್ನಾಗಿ ಮಾಡಿತು. ಬಸ್ಸು ತಡವಾದದ್ದಕ್ಕೆ ಕಂಡಕ್ಟರ್ ಮೇಲೆ ರೇಗಿ ಫಲವಿಲ್ಲವೆಂದು ಪ್ರಯಾಣಿಕರಾದ ನಮಗೆ ಗೊತ್ತಾಗಿ ಬಹಳ ಕಾಲವಾಗಿದೆ.

ಹಿನ್ನೆಲೆಯನ್ನು ಸ್ವಲ್ಪ ನೆನಪಿಸಬೇಕು, ಏಕೆಂದರೆ ಇಂದಿನ ತೊಂದರೆಯ ಅರ್ಧ ಅಲ್ಲೇ ಇದೆ. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ 98 ಬಸ್ಸುಗಳೊಂದಿಗೆ ಶುರುವಾದಾಗ ದಂಡೂ (ಕಂಟೋನ್ಮೆಂಟ್) ಸೇರಿ ಊರಿನ ಜನಸಂಖ್ಯೆ ಸುಮಾರು ನಾಲ್ಕು ಲಕ್ಷ. ಪೇಟೆಗೆ ಒಂದು ಆಡಳಿತ, ದಂಡಿಗೆ ಇನ್ನೊಂದು. ಎರಡೂ ಒಂದೇ ಪಾಲಿಕೆಯಾಗಲು 1949 ಬರಬೇಕಾಯಿತು. 1956ರಲ್ಲಿ ಸರ್ಕಾರ ಕಂಪನಿಯನ್ನು ವಹಿಸಿಕೊಂಡಿತು, ಅದು ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್, ಅಂದರೆ ಬಿ.ಟಿ.ಎಸ್. ಆಯಿತು. 1961ರಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾದಾಗ ಅದರ ತೆಕ್ಕೆಗೆ ಹೋಯಿತು, 1997ರ ಆಗಸ್ಟ್ 15ರಂದು ಬಿಎಂಟಿಸಿ ಎಂದು ಬೇರೆಯಾಯಿತು. ‘ಬಿಟ್ರೆ ತಿರುಗಾ ಸಿಗೋಲ್ಲ’ ಎಂದು ಬಿ.ಟಿ.ಎಸ್.ಗೆ ಅರ್ಥ ಕಟ್ಟಿ ನಕ್ಕವರೇ ಪ್ರತಿದಿನ ಅದೇ ಬಸ್ಸಿಗೆ ಕಾಯುತ್ತಿದ್ದರು. ಬೇರೆ ಗತಿ ಇರಲಿಲ್ಲ ಎನ್ನುವುದು ನಿಜ. ಆದರೆ ಕಾದರೆ ಬರುತ್ತದೆ ಎಂಬ ನಂಬಿಕೆಯೂ ಇತ್ತು.

ಆ ಕಾಲದ ಮಾರ್ಗಗಳು ಮೂರು ಕಡೆಯಿಂದ ಹೊರಟವು. ಧರ್ಮಾಂಬುಧಿ ಕೆರೆಯಂಗಳದಲ್ಲಿ ಎದ್ದ ಮೆಜೆಸ್ಟಿಕ್ ನಿಲ್ದಾಣ, ಕೃಷ್ಣರಾಜೇಂದ್ರ ಮಾರ್ಕೆಟ್ಟು, ದಂಡಿನ ಜನರಿಗೆ ಶಿವಾಜಿನಗರ. ಕಂಪನಿ ಶುರುವಾದ ವರ್ಷವೇ ಎಚ್‌ಎಎಲ್ ಹುಟ್ಟಿತ್ತು. ಮುಂದೆ 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಊರು ದೂರವಾಣಿನಗರದತ್ತ, ಜಾಲಹಳ್ಳಿಯತ್ತ ಚಾಚಿಕೊಂಡಂತೆ ಬಸ್ಸೂ ಹಿಂದೆಯೇ ಹೋಯಿತು, ಆದರೆ ಹೊರಟದ್ದು ನಡುವಿನಿಂದಲೇ, ಗಾಡಿಚಕ್ರದ ಅರೆಕಾಲುಗಳ ಹಾಗೆ. ಇವತ್ತು ಕೆಲಸ ಇರುವುದು ಚಕ್ರದ ಅಂಚಿನಲ್ಲಿ: ವೈಟ್‌ಫೀಲ್ಡ್, ಮಾರತಹಳ್ಳಿ, ಬೆಳ್ಳಂದೂರು, ಬೊಮ್ಮಸಂದ್ರ, ಪೀಣ್ಯ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500-ಡಿ ಬಸ್ಸಿನ ನೂಕುನುಗ್ಗಲು ನೋಡಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ನಡುವಿಗೆ ಬರದೆ ಅಂಚಿನಲ್ಲೇ ಓಡುವ ಈ 500ರ ಸರಣಿಯ ಮಾರ್ಗಗಳು ಬಂದದ್ದು ಒಳ್ಳೆಯದಾಯಿತು. ಆದರೂ ಒಂದು ಬಡಾವಣೆಯಿಂದ ಅಡ್ಡಲಾಗಿ ಇನ್ನೊಂದಕ್ಕೆ ಹೋಗಬೇಕಾದ ಎಷ್ಟೋ ಜನ ಈಗಲೂ ಮೊದಲು ಮೆಜೆಸ್ಟಿಕ್ಕಿಗೋ ಮಾರ್ಕೆಟ್ಟಿಗೋ ಬಂದು, ಮತ್ತೆ ಅದೇ ದಟ್ಟಣೆಯಲ್ಲಿ ಹೊರಗೆ ಹೋಗುತ್ತಾರೆ.

ನಮ್ಮ ಮೊದಲ ಹಾಗೂ ಮುಖ್ಯ ಬೇಡಿಕೆ ರಸ್ತೆಯದು. ಹೊರವರ್ತುಲ ರಸ್ತೆಯ ಯಾವುದಾದರೂ ನಿಲ್ದಾಣದಲ್ಲಿ ಸಂಜೆ ಆರರ ಹೊತ್ತಿಗೆ ತಮ್ಮ ಅಧಿಕಾರಿಯೊಬ್ಬರನ್ನು ನಿಲ್ಲಿಸಿ ನೋಡಿ. ಬಸ್ ಬೇಯಲ್ಲಿ ಆಟೊ, ಕ್ಯಾಬು, ಸರಕಿನ ಟೆಂಪೊ ನಿಂತಿರುತ್ತವೆ. ಬಸ್ಸು ಅವುಗಳಾಚೆ ರಸ್ತೆಯ ನಡುವೆಯೇ ನಿಲ್ಲುತ್ತದೆ. ಬೋರ್ಡು ಓದಲು ಮುಂದೆ ಓಡಿದವರು, ಬಾಗಿಲು ಎಲ್ಲಿ ಬಂತೆಂದು ಹಿಂದೆ ಓಡುತ್ತಾರೆ. ಸೀರೆಯ ನೆರಿಗೆ ಒಂದು ಕೈಯಲ್ಲಿ, ಊಟದ ಬುತ್ತಿ ಇನ್ನೊಂದರಲ್ಲಿ, ಎಡಗಡೆಯಿಂದ ನುಗ್ಗುವ ಬೈಕುಗಳ ನಡುವೆ. ಕಂಡಕ್ಟರ್ ಮೆಟ್ಟಿಲ ಮೇಲಿಂದ ಕೈ ಚಾಚಿ ಬೈಕುಗಳನ್ನು ತಡೆಯುತ್ತಾನೆ, ಆಮೇಲೆ ‘ರೈಟ್’ ಎನ್ನುತ್ತಾನೆ. ಒಬ್ಬರೋ ಇಬ್ಬರೋ ಕೂತ ಕಾರುಗಳ ಸಾಲಿನ ಹಿಂದೆ, ಎಪ್ಪತ್ತು ಜನರನ್ನು ತುಂಬಿಕೊಂಡ ಬಸ್ಸು ಅದೇ ಹಸಿರು ದೀಪಕ್ಕೆ ಕಾಯುತ್ತದೆ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯವೆಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತು. ನಗರದ ನೋಂದಾಯಿತ ವಾಹನಗಳು ಈಗ ಒಂದು ಕೋಟಿ ದಾಟಿವೆ.

ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಕಡೆಗೆ 2019ರ ಕೊನೆಯಲ್ಲಿ ಬಸ್ ಆದ್ಯತಾ ಪಥ ಮಾಡಲಾಯಿತು. ಗೂಟ ನೆಟ್ಟು ಒಂದು ಪಥವನ್ನು ಬಸ್ಸಿಗೆ ಬಿಟ್ಟಾಗ, ಕಾರಿನವರಿಗಿಂತ ಮುಂದೆ ಹೋಗುವ ಅನುಭವ ಬಸ್ಸಿನವರಿಗೆ ಅಲ್ಲಿ ಸಿಕ್ಕಿತು. ಮೆಟ್ರೊ ಕಾಮಗಾರಿ ಬಂದಾಗ ಆ ಪಥ ಹೋಯಿತು. ಅದಕ್ಕೆ ನಾವು ಆಕ್ಷೇಪ ಎತ್ತುವುದಿಲ್ಲ. ನಮ್ಮ ಆತಂಕ ಮುಂದಿನದು. ಕಾಮಗಾರಿ ಮುಗಿದು ರಸ್ತೆಯನ್ನು ಮರಳಿ ಹಾಸುವಾಗ, ಮೆಟ್ರೊ ಬಂತಲ್ಲ, ಇನ್ನೇಕೆ ಬಸ್ಸಿಗೆ ಬೇರೆ ಪಥ ಎಂಬ ಮಾತು ಬಂದೇ ಬರುತ್ತದೆ. ಮೆಟ್ರೊ ನಿಲ್ದಾಣ ಪ್ರತಿ ಬೀದಿಗೂ ಇಲ್ಲ. ಹಾಗಾಗಿ ಆ ರಸ್ತೆಯ ಮರುನಿರ್ಮಾಣದ ನಕ್ಷೆಯಲ್ಲೇ ಬಸ್ ಪಥವನ್ನು ಗುರುತಿಸಬೇಕು, ಟೆಂಡರಿನಲ್ಲಿ ಬರೆಯಬೇಕು. ಬರೀ ಬಣ್ಣ ಬಳಿದರೆ ಮಳೆಗಾಲದ ಹೊತ್ತಿಗೆ ಅಳಿಸಿರುತ್ತದೆ. ಹೊಸೂರು ರಸ್ತೆಗೂ ಬಳ್ಳಾರಿ ರಸ್ತೆಗೂ ಇದೇ ಕ್ರಮ ಬರಬೇಕು, ಬಸ್ ಬೇಯಲ್ಲಿ ನಿಂತ ವಾಹನಕ್ಕೆ ದಂಡ ಹಾಕುವ ಜವಾಬ್ದಾರಿ ಯಾರದೆಂದು ತಾವು ಆದೇಶದಲ್ಲಿ ಹೆಸರಿಸಬೇಕು.

ಇನ್ನು ಹಣ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಆಟೊ ಖರ್ಚಿಗೆ ಹೆದರಿ ನಡೆದೇ ಹೋಗುತ್ತಿದ್ದವರು ಬಸ್ಸು ಹತ್ತಿದ್ದಾರೆ, ಸಂಬಳದಲ್ಲಿ ನಾಲ್ಕು ಕಾಸು ಉಳಿದಿದೆ. ಇದನ್ನು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಟಿಕೆಟ್ ಉಚಿತವಾದರೂ ಹತ್ತಲು ಬಸ್ಸು ಬರಬೇಕು. ಜನ ಹೆಚ್ಚಿದಷ್ಟು ಟ್ರಿಪ್ಪುಗಳು ಹೆಚ್ಚಿಲ್ಲ ಎಂಬುದು ಫುಟ್‌ಬೋರ್ಡಿನ ಮೇಲೆ ನಿಂತವರಿಗೆ ಗೊತ್ತು. ಹೆಣ್ಣುಮಕ್ಕಳಿಗೆ ಕೊಡುವ ಶೂನ್ಯ ಟಿಕೆಟ್‌ಗಳ ಬಾಬ್ತನ್ನು ಸರ್ಕಾರ ನಿಗಮಕ್ಕೆ ತಿಂಗಳು ತಿಂಗಳು, ಬಾಕಿ ಉಳಿಸದೆ ಕೊಡುವಂತೆ ತಾವು ಶಿಫಾರಸು ಮಾಡಬೇಕು. ಅದರ ಹೊರತಾಗಿ, ಓಡಿಸಿದ ಕಿಲೋಮೀಟರಿಗೆ ಇಷ್ಟು ಎಂದು ಬಜೆಟ್ಟಿನಲ್ಲಿ ನಿಶ್ಚಿತ ಅನುದಾನ ಇಡಬೇಕು. ಈಗ ನಡೆಯುತ್ತಿರುವುದು ಹೀಗೆ: ವರ್ಷಗಟ್ಟಲೆ ಸುಮ್ಮನಿದ್ದು, 2025ರ ಜನವರಿಯಲ್ಲಿ ಮಾಡಿದಂತೆ ಒಮ್ಮೆಲೇ ಶೇ 15ರಷ್ಟು ದರ ಏರಿಸುವುದು, ಬಿಸಿ ತಟ್ಟುವುದು ಪಾಸು ಕೊಳ್ಳುವ ಗಂಡುಮಕ್ಕಳಿಗೆ. ಮೇಲ್ಸೇತುವೆ ನಷ್ಟದಲ್ಲಿದೆ ಎಂದು ಯಾರೂ ಹೇಳಿದ್ದನ್ನು ನಾವು ಕೇಳಿಲ್ಲ. ಬಸ್ಸಿಗೆ ಮಾತ್ರ ಈ ಪದ ಅಂಟಿಕೊಂಡಿದೆ.

ಇದರ ಜೊತೆಗೆ ಖರ್ಚಿಲ್ಲದ ಒಂದು ಬೇಡಿಕೆ. ಕಂಡಕ್ಟರ್ ಕೈಯ ಯಂತ್ರದಲ್ಲಿ ಯಾವ ಸ್ಟೇಜಿನಿಂದ ಯಾವ ಸ್ಟೇಜಿಗೆ ಟಿಕೆಟ್ ಹೋಯಿತೆಂಬುದು ದಾಖಲಾಗುತ್ತದೆ, ಶೂನ್ಯ ಟಿಕೆಟ್ಟೂ ಅದರಲ್ಲಿ ಸೇರಿದೆ. ಈ ಊರಿನ ಹೆಂಗಸರು ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ ಹೋಗುತ್ತಾರೆ ಎಂಬ ಲೆಕ್ಕ ಹಿಂದೆ ಯಾರ ಬಳಿಯೂ ಇರಲಿಲ್ಲ. ಆ ಲೆಕ್ಕವನ್ನು ಸಾರ್ವಜನಿಕರ ಮುಂದಿಟ್ಟು, ಅದರ ಆಧಾರದ ಮೇಲೆ ಅಡ್ಡ ಮಾರ್ಗಗಳನ್ನೂ ಮೆಟ್ರೊ ನಿಲ್ದಾಣಗಳ ಫೀಡರ್ ಬಸ್ಸುಗಳನ್ನೂ ಹೊಸದಾಗಿ ಯೋಜಿಸಬೇಕು.

ಹೊತ್ತಿನ ಪ್ರಶ್ನೆಯನ್ನು ಬೇರೆಯಾಗಿಯೇ ಹೇಳಬೇಕಾಗಿದೆ. ಬೆಳಗಿನ ಜಾವ ನಾಲ್ಕಕ್ಕೆ ದೂರದ ಜಿಲ್ಲೆಗಳ ಬಸ್ಸುಗಳು ಮೆಜೆಸ್ಟಿಕ್ ತಲುಪುತ್ತವೆ. ಇಳಿದವರಲ್ಲಿ ಅನೇಕರ ಕೈಯಲ್ಲಿ ಎಕ್ಸ್‌ರೇ ಕವರು ಇರುತ್ತದೆ. ನಿಮ್ಹಾನ್ಸ್‌ಗೋ ಕಿದ್ವಾಯಿಗೋ ಜಯದೇವಕ್ಕೋ ಹೋಗಿ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಬೇಕು. ಆ ಹೊತ್ತಿಗೆ ಆಟೊದವರು ಕೇಳುವ ದುಡ್ಡು ಕೆಲವೊಮ್ಮೆ ಊರಿಂದ ಬಂದ ಟಿಕೆಟ್ಟಿಗಿಂತ ಹೆಚ್ಚು. ಪೌರಕಾರ್ಮಿಕರು ಕತ್ತಲಲ್ಲೇ ಮನೆ ಬಿಡಬೇಕು, ಮಾರ್ಕೆಟ್ಟಿನ ಹೂವಿನವರು ಅವರಿಗೂ ಮೊದಲು. ಮೆಜೆಸ್ಟಿಕ್, ಮಾರ್ಕೆಟ್ಟು, ಈ ಆಸ್ಪತ್ರೆಗಳನ್ನು ಜೋಡಿಸುವ ಬಸ್ಸು ರಾತ್ರಿಯಿಡೀ ಗಂಟೆಗೊಂದಾದರೂ ಇರಲಿ. ಹೂವಿನ ಮೂಟೆಗೆ ಲಗೇಜ್ ಟಿಕೆಟ್ ಕೊಡಲು ಅವರು ಸಿದ್ಧರಿದ್ದಾರೆ. ಮೂಟೆ ಇಡಲು ಜಾಗ ಬೇಕು.

ನಿಲ್ದಾಣಗಳಲ್ಲಿ ಮಾರ್ಗದ ಸಂಖ್ಯೆ, ಮೊದಲ ಮತ್ತು ಕೊನೆಯ ಬಸ್ಸಿನ ವೇಳೆಯನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆಸಬೇಕು. ‘ನಮ್ಮ ಬಿಎಂಟಿಸಿ’ ಆ್ಯಪ್ ಎಲ್ಲರ ಫೋನಿನಲ್ಲೂ ಇಲ್ಲ.

ಸಿಬ್ಬಂದಿಯ ವಿಷಯ ಪ್ರಯಾಣಿಕರಿಗೆ ಸಂಬಂಧಿಸಿದ್ದಲ್ಲ ಎಂದು ಯಾರಾದರೂ ಹೇಳಬಹುದು. ಊರಂಚಿನ ಕೊನೆಯ ನಿಲ್ದಾಣಗಳಲ್ಲಿ ನೈಟ್ ಹಾಲ್ಟ್ ಮಾಡುವ ಚಾಲಕ ಬಸ್ಸಿನ ಸೀಟಿನಲ್ಲೇ ಮಲಗಿ ಎದ್ದು ಮುಂಜಾನೆಯ ಟ್ರಿಪ್ ಹಿಡಿಯುತ್ತಾನೆ. ಅವನು ಓಡಿಸುವ ಬಸ್ಸಿನಲ್ಲಿ ಕೂರುವವರು ನಾವು. ಮಹಿಳಾ ಕಂಡಕ್ಟರುಗಳಿಗೆ ಎಷ್ಟೋ ಕೊನೆಯ ನಿಲ್ದಾಣಗಳಲ್ಲಿ ಶೌಚಾಲಯವಿಲ್ಲ, ನೀರು ಕುಡಿಯುವುದನ್ನೇ ಕಡಿಮೆ ಮಾಡಿಕೊಂಡಿದ್ದಾರೆ. ಗುತ್ತಿಗೆಯ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಚಾಲಕ ಕಂಪನಿಯವನು, ಕಂಡಕ್ಟರ್ ನಿಗಮದವನು. ಬಸ್ಸು ನಿಲ್ಲಿಸದೆ ಹೋದರೆ ದೂರು ಯಾರಿಗೆ? ಈ ಗುತ್ತಿಗೆಗಳಲ್ಲಿ ಚಾಲಕರ ತರಬೇತಿ, ವಿಶ್ರಾಂತಿ, ದೂರಿನ ಹೊಣೆ ಇವುಗಳನ್ನು ಸ್ಪಷ್ಟವಾಗಿ ಬರೆಯುವಂತೆ ತಾವು ಷರತ್ತು ವಿಧಿಸಬೇಕು.

ಪ್ರಾಧಿಕಾರದ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ಮನವಿಯನ್ನು ಸೇರಿಸಬೇಕೆಂದೂ, ನಿರ್ಧಾರಕ್ಕೆ ಮೊದಲು ಒಂದು ಭಾನುವಾರ ಮಾರ್ಕೆಟ್ ನಿಲ್ದಾಣದಲ್ಲೇ ಕನ್ನಡದಲ್ಲಿ ಬಹಿರಂಗ ಅಹವಾಲು ಸಭೆ ನಡೆಸಬೇಕೆಂದೂ, ಒಪ್ಪಿದ್ದು ಯಾವುದು, ಒಪ್ಪದ್ದು ಯಾವುದು, ಏಕೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಊರಂಚಿನವರೂ ಬಸ್ಸಿನಲ್ಲಿ ಬಂದು ತಲುಪಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಬೆಂಗಳೂರಿನ ಬಸ್ ಪ್ರಯಾಣಿಕರು

ಪ್ರತಿ: ವ್ಯವಸ್ಥಾಪಕ ನಿರ್ದೇಶಕರು, ಬಿಎಂಟಿಸಿ, ಮಾಹಿತಿಗಾಗಿ.