ಹೊಳೆಗೆ ಎರಡು ರಾಜ್ಯ, ನಮಗೆ ಒಂದು ಕುರ್ಚಿಯೂ ಇಲ್ಲ

ಗಡಿನಾಡ ಕನ್ನಡಿಗರ ಕಷ್ಟ ಹೇಳಹೊರಟ ನಾವೆಲ್ಲ ಶಾಲೆ, ಪಠ್ಯಪುಸ್ತಕ, ನಾಮಫಲಕ ಈ ಮೂರಕ್ಕೇ ನಿಂತುಬಿಡುತ್ತೇವೆ. ಅವು ಬೇಡವೆನ್ನಲು ನಾನು ಯಾರು? ನನ್ನ ತಕರಾರು ಬೇರೆ. ನೀರಿನ ಮಾತು ಬಂದೊಡನೆ "ಅದು ಎರಡು ಸರಕಾರಗಳ ವ್ಯಾಜ್ಯ, ಅಲ್ಪಸಂಖ್ಯಾತರಾದ ನಮಗೇಕೆ?" ಎಂದು ಬಾಯಿಗೆ ಬೀಗ ಹಾಕಿಕೊಳ್ಳುವ ನಮ್ಮವರ ಮೇಲೆಯೇ ಈ ತಕರಾರು.

ಕಾಸರಗೋಡಿನ ಓದುಗರಿಗೆ ನಮ್ಮ ಕಡೆಯ ಪರಿಚಯ ಕಡಿಮೆ. ಅತ್ತಿಬೆಲೆ ದಾಟಿದೊಡನೆ ಸಿಗುವ ಮೊದಲ ತಮಿಳುನಾಡಿನ ಊರು ಜೂಜುವಾಡಿ. ಈಗ ಅದು ಹೊಸೂರು ಮಹಾನಗರಪಾಲಿಕೆಯೊಳಗೆ ಸೇರಿಹೋಗಿದೆ. ಊರಿತ್ತು, ಗ್ರಾಮಸಭೆಯಿತ್ತು, ಈಗ ವಾರ್ಡು ಇದೆ. ಈ ಸೀಮೆಯ ಹೊಳೆ ದಕ್ಷಿಣ ಪಿನಾಕಿನಿ, ತಮಿಳರ ತೆನ್‌ಪೆಣ್ಣೈ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ಹೊಸಕೋಟೆಯ ಮೇಲೆ ಹಾದು, ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟಿನಲ್ಲಿ ನಿಂತು, ಮುಂದೆ ಕೃಷ್ಣಗಿರಿ, ಸಾತನೂರು ಅಣೆಗಳನ್ನು ದಾಟಿ ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿ ನೀರೂ ಇದೇ ಹೊಳೆಗೆ. 2017ರಲ್ಲಿ ಹೊತ್ತಿ ಉರಿದ ಕೆರೆ ಎಂದು ಪತ್ರಿಕೆಗಳಲ್ಲಿ ಓದಿದಿರಲ್ಲ, ಅದೇ ಬೆಳ್ಳಂದೂರು. ಕೆಲವರಪಳ್ಳಿಯ ತೂಬು ತೆರೆದಾಗ ಹೊಳೆಯ ಮೇಲೆ ಬೆಳ್ಳಗೆ ಏಳುವ ನೊರೆಯ ಬೇರು ಅಲ್ಲಿದೆ. ಬೆಂಗಳೂರನ್ನಷ್ಟೇ ಬೈದರೂ ಸಾಲದು. ಹೊಸೂರೂ ಬೆಳೆದಿದೆ, ಅದರ ಕೊಳಚೆಯೂ ಎಲ್ಲಿಗೋ ಹರಿಯಲೇಬೇಕು.

ಇದರ ಬಗ್ಗೆ ಎರಡು ಸರಕಾರಗಳು ಮಾತಾಡಿಲ್ಲವೆಂದಲ್ಲ. ಮೈಸೂರು–ಮದರಾಸುಗಳ 1892ರ ಒಪ್ಪಂದವಿದೆ. ಮಾರ್ಕಂಡೇಯ ಹೊಳೆಗೆ ಯರಗೋಳಿನಲ್ಲಿ ಅಣೆ ಕಟ್ಟುವುದರ ವಿರುದ್ಧ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ಕೋರ್ಟು ತಡೆ ನೀಡಲು ಒಪ್ಪದೆ, ನ್ಯಾಯಮಂಡಳಿ ಕೇಳಿಕೊಳ್ಳಿ ಎಂದಿತು. ವಾದವೆಲ್ಲ ಎಷ್ಟು ನೀರು ಎಂಬುದರ ಮೇಲೆ. ಎಂಥ ನೀರು ಎಂದು ಆ ನೀರಿನಲ್ಲಿ ಕಾಲಿಟ್ಟು ನಿಲ್ಲುವವನನ್ನು ಅಲ್ಲಿ ಯಾರೂ ಕೇಳಲಿಲ್ಲ.

ರೈತನ ಪಾಲುದಾರಿಕೆಗೆ ಕಾಯಿದೆಯೇ ಇದೆಯಲ್ಲ ಎನ್ನಬಹುದು. ಇದೆ. ತಮಿಳುನಾಡು 2000ದಲ್ಲಿ ನೀರು ಬಳಕೆದಾರರ ಸಂಘಗಳ ಕಾಯಿದೆ ಮಾಡಿತು. ಸದಸ್ಯತ್ವ ಅಚ್ಚುಕಟ್ಟಿನ ಜಮೀನುದಾರನಿಗೆ. ಕೆಲವರಪಳ್ಳಿಯ ಅಚ್ಚುಕಟ್ಟು ಸುಮಾರು 8,000 ಎಕರೆ; ಅಲ್ಲಿ ಕಳೆ ಕೀಳುವವಳು ಹೆಂಗಸು, ಪಟ್ಟಾ ಇರುವುದು ಮಾವನ ಹೆಸರಿನಲ್ಲಿ. ಬ್ಯಾಂಕಿನ ಕೌಂಟರಿನಲ್ಲಿ ಕೂತ ನನ್ನ ಮುಂದೆ ಅಂಥವರು ಸಾಲದ ಕಾಗದದ ಜೊತೆಗೇ ನಾಲೆಯ ಪ್ರಕಟಣೆಯನ್ನೂ ಚಾಚುತ್ತಾರೆ: "ಅಣ್ಣಾ, ನೀರು ಯಾವತ್ತು ಬಿಡ್ತಾರೆ ಅಂತ ಬರ್ದೈತೆ, ಒಸಿ ಓದೇಳಿ." ಮನೆಮಾತು ಕನ್ನಡ, ಪ್ರಕಟಣೆ ತಮಿಳು. ಮಾತಾಡುವ ತಮಿಳು ಅವರಿಗೆ ನನಗಿಂತ ಚೆನ್ನಾಗಿ ಬರುತ್ತದೆ, ಓದುವುದು ಬರುವುದಿಲ್ಲ. ಬ್ಯಾಂಕಿನ ಗುಮಾಸ್ತ ನೀರಾವರಿಯ ದುಭಾಷಿಯೂ ಆಗಬೇಕೆಂದು ಯಾವ ಕಾಯಿದೆಯಲ್ಲಿದೆಯೋ ಕಾಣೆ!

ಕೆಲಸಕ್ಕೆ ಮಾತ್ರ ಕರೆ ತಪ್ಪದು. ಕೆರೆ ಕಾಲುವೆಗಳಿಗೆ ಊರವರು ದುಡಿಯಲೇಬೇಕೆಂದು ಮದರಾಸಿನಲ್ಲಿ 1858ರಲ್ಲೇ ಕಾಯಿದೆಯಾಗಿತ್ತು. 2017ರಲ್ಲಿ ಕುಡಿಮರಾಮತ್ತು ಎಂಬ ಅದೇ ಹಳೆಯ ಹೆಸರಿನಲ್ಲಿ ಹೂಳೆತ್ತುವ ಯೋಜನೆ ಬಂತು; ವೆಚ್ಚದ ಹತ್ತರಲ್ಲೊಂದು ಪಾಲು ರೈತರದು. ಹೂಳೆತ್ತಲಿ, ಒಳ್ಳೆಯದೇ. ಆದರೆ ಗುದ್ದಲಿ ಹಿಡಿಯುವಾಗ ಪಾಲುದಾರ, ತೂಬು ತೆರೆಯುವಾಗ ಪರವೂರಿನವನೇ?

ಹಳೆಯ ಕಾಲವೇ ಚೆನ್ನಿತ್ತೆಂದು ಹಾಡುವವರ ಗುಂಪಿಗೂ ನಾನು ಸೇರಲಾರೆ. ನಮ್ಮ ನೀರಗಂಟಿ ಎಲ್ಲರ ಗದ್ದೆಗೂ ನ್ಯಾಯವಾಗಿ ನೀರು ಹಾಯಿಸುತ್ತಿದ್ದ, ನಿಜ. ಹೆಚ್ಚಿನ ಊರುಗಳಲ್ಲಿ ಆತ ಹೊಲೆಯರ ಕೇರಿಯವನು. ತೂಬು ಅವನ ಕೈಯಲ್ಲಿತ್ತು. ಪಂಚಾಯಿತಿಯ ಜಗಲಿಯ ಮೇಲೆ ಅವನಿಗೆ ಜಾಗವಿರಲಿಲ್ಲ.

ಕಾಸರಗೋಡಿನ ಕಡೆ, ಏತಡ್ಕದಂಥ ಊರುಗಳಲ್ಲಿ, ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುವುದನ್ನು ನೀವು ಬಲ್ಲಿರಿ. ಯಾರ ಆಳು ಎಷ್ಟು, ಯಾರ ತೋಟಕ್ಕೆ ಎಷ್ಟು ಎಂದು ಊರವರೇ ಮಾತಾಡಿ ತೀರ್ಮಾನಿಸುವ ರೂಢಿ ಅದು. 1996ರಲ್ಲಿ ಶುರುವಾದ ಕೇರಳದ ಜನಕೀಯ ಯೋಜನೆ ವಾರ್ಡಿನವನ ಬಾಯಿಗೂ ಒಂದಿಷ್ಟು ಬೆಲೆ ತಂದಿತು. ತೋಡು ಚಿಕ್ಕದು, ನಮ್ಮ ಹೊಳೆ ದೊಡ್ಡದು, ಒಪ್ಪಿದೆ. ದೊಡ್ಡದಾದ ಮಾತ್ರಕ್ಕೆ ಮಾತಾಡಬಾರದೆಂದಿದೆಯೇ?

"ಗಲಾಟೆ ಮಾಡಿದರೆ ನಮ್ಮನ್ನು ಕರ್ನಾಟಕದ ಏಜೆಂಟರೆಂದಾರು" ಎಂದು ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದರು. ಅವರ ಹೆದರಿಕೆ ಸುಳ್ಳಲ್ಲ. ಕಾವೇರಿಯ ಗಲಾಟೆ ಎದ್ದಾಗಲೆಲ್ಲ ನಮ್ಮ ಎದೆ ನಡುಗಿದೆ. ಆದರೆ ನೊರೆ ತಮಿಳನ ಗದ್ದೆಗೂ, ತೆಲುಗರ ತೋಟಕ್ಕೂ ನುಗ್ಗುತ್ತದೆ. ಅವರ ಜೊತೆಗೂಡಿ ಕೇಳಿದರೆ ಏಜೆಂಟರಾಗುವುದೆಂತು? ಎರಡೂ ರಾಜ್ಯಗಳ ಭಾಷೆ ಬಲ್ಲವರು ಈ ಹೊಳೆಯ ದಂಡೆಯಲ್ಲಿ ನಾವೇ ಇದ್ದೇವೆ.

ಕೇಳಬೇಕಾದುದು ದೊಡ್ಡದೇನಲ್ಲ. ನೀರಿನ ಪ್ರಕಟಣೆ, ನೀರಿನ ಪರೀಕ್ಷೆಯ ಫಲಿತಾಂಶ ಎರಡೂ ತಮಿಳಿನ ಜೊತೆಗೆ ಕನ್ನಡ, ತೆಲುಗಿನಲ್ಲಿ ನಾಲೆಯ ಬಳಿಯೇ ಹಾಕಿರಲಿ. ಪಟ್ಟಾ ಇಲ್ಲದ ಗೇಣಿದಾರನಿಗೂ ಹೆಂಗಸಿಗೂ ಸಂಘದಲ್ಲಿ ಜಾಗವಿರಲಿ. ಹೊಸಕೋಟೆ, ಸರ್ಜಾಪುರದ ರೈತರೂ ಹೊಸೂರಿನ ರೈತರೂ ವರ್ಷಕ್ಕೊಮ್ಮೆ ಅಧಿಕಾರಿಗಳ ಎದುರು ಒಂದೇ ಚಾಪೆಯ ಮೇಲೆ ಕೂರಲಿ. ಮುಂದಿನ ರಾಜ್ಯೋತ್ಸವಕ್ಕೆ ಕವಿಗೋಷ್ಠಿ ಏರ್ಪಡಿಸುವ ನಮ್ಮ ಸಂಘದವರು ಈ ಮೂರನ್ನೂ ಬರೆದು ಒಂದು ಅರ್ಜಿಗೆ ಸಹಿ ಹಾಕಿಸಲಿ. ತಮಿಳಿನ ಪ್ರತಿ ಬರೆಸುವ ಹೊಣೆ ನನ್ನದು. ಕಟ್ಟದ ಆಳು-ಪಾಲಿನ ಲೆಕ್ಕ ಇಡುವ ಕ್ರಮವನ್ನು ಕಾಸರಗೋಡಿನ ಬಂಧುಗಳು, ಈ ವಾರ್ಷಿಕದ ಮಲಯಾಳ ಪುಟಗಳ ಮಿತ್ರರೂ ಸೇರಿ, ನಮಗೆ ಬರೆದು ಕಳಿಸಿದರೆ ಉಪಕಾರವಾದೀತು.