ಇನ್ನೊಂದು ನೂರು ಅಡಿ

ಮುನ್ನೂರು ಅಡಿ ದಾಟಿದ ಮೇಲೂ ಬರೀ ಧೂಳೇ ಬರುತ್ತಿದ್ದರೆ ಬೋರ್ ಗಾಡಿಯವರು ಕಂಪ್ರೆಸರ್ ನಿಲ್ಲಿಸಿ ತೋಟದ ಯಜಮಾನರ ಮುಖ ನೋಡುತ್ತಾರೆ. ‘ಇನ್ನೊಂದು ನೂರು ಅಡಿ ಹಾಕೋಣ್ವಾ ಸಾರ್?’ ಮೂಡಿಗೆರೆ, ಕಳಸ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ಬೇಸಿಗೆ ಬಂತೆಂದರೆ ಕೇಳುವ ಮಾತಿದು. ಉತ್ತರ ಹೇಳಬೇಕಾದವರಿಗೆ ನೆಲದಡಿ ಏನಿದೆಯೋ ಗೊತ್ತಿಲ್ಲ. ಕೇಳಿದವರಿಗೆ ಹೂಂ ಅಂದರೆ ಲಾಭ, ಬೇಡವೆಂದರೂ ಅಲ್ಲಿಯವರೆಗಿನ ಹಣ ಬಂದೇ ಬರುತ್ತದೆ. ಅಡಿಗಿಷ್ಟು ಎಂಬ ಕರಾರಿನ ಗುಣವೇ ಅದು. ಅದನ್ನು ಅನ್ಯಾಯ ಎನ್ನಲಾರೆ. ಸಾಲ ಮಾಡಿ ಕೊಂಡ ಗಾಡಿಯನ್ನು ತಿರುಚೆಂಗೋಡಿನಿಂದ ಘಟ್ಟ ಹತ್ತಿಸಿ ತಂದು ರಾತ್ರಿಯಿಡೀ ಡೀಸೆಲ್ ಸುಡುವವರು ಬಂಡೆಯ ಹೊಟ್ಟೆಯಲ್ಲಿರುವುದಕ್ಕೆ ಜಾಮೀನು ನಿಲ್ಲುವುದು ಹೇಗೆ? ನನ್ನ ತಕರಾರು ನಮ್ಮ ಮೇಲೆಯೇ. ಲಕ್ಷಗಟ್ಟಲೆ ಸುರಿದು ನಾವು ಪಡೆಯುವುದು ಒಂದು ತೂತು ಮತ್ತು ಆ ಜಾಗದ ನೆಲದ ಬಗ್ಗೆ ಒಂದಿಷ್ಟು ತಿಳಿವಳಿಕೆ. ತೂತನ್ನು ಉಳಿಸಿಕೊಂಡು, ತಿಳಿವಳಿಕೆಯನ್ನು ಕೆಸರಿನ ಜೊತೆ ಚರಂಡಿಗೆ ಬಿಡುತ್ತೇವೆ.

ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕಡೆ ಬೋರ್ ಫೇಲಾಗುತ್ತದೆ ಎಂದರೆ ಕಡೂರಿನವರು ನಕ್ಕಾರು. ಅದೇ ಜಿಲ್ಲೆಯಲ್ಲಿದ್ದೂ ಅವರಿಗೆ ಸಿಗುವುದು ಸುಮಾರು 600 ಮಿಲಿಮೀಟರ್. ಆದರೆ ಮಲೆನಾಡಿನ ಮಳೆ ಇಳಿಜಾರಿನಲ್ಲಿ ಇಳಿದು ಹೇಮಾವತಿಯನ್ನೋ ಭದ್ರೆಯನ್ನೋ ಸೇರುವ ಅವಸರದಲ್ಲಿರುತ್ತದೆ. ಉಳಿದದ್ದನ್ನು ಹಿಡಿದಿಡಬೇಕಾದ ನೆಲದ ಅಡಿಯಲ್ಲಿರುವುದೋ, ಬಹುಪಾಲು ಕಡೆ, ಮುನ್ನೂರು ಕೋಟಿ ವರ್ಷದಷ್ಟು ಹಳೆಯ ನೈಸ್ ಶಿಲೆ. ಬಾಬಾಬುಡನ್‌ಗಿರಿ ಮತ್ತು ಕುದುರೆಮುಖದ ಸಾಲುಗಳಲ್ಲಿ ಕಬ್ಬಿಣದ ಅದಿರಿನ ಪದರಗಳು, ಹಸಿರುಗಪ್ಪು ಶಿಸ್ಟ್. ಇವು ಯಾವುವೂ ಮರಳುಗಲ್ಲಿನಂತೆ ಮೈತುಂಬ ನೀರು ಹೀರಿಕೊಳ್ಳುವ ಕಲ್ಲುಗಳಲ್ಲ. ನೀರು ನಿಲ್ಲುವುದು ಮೇಲಿನ ಕೆಂಪು ಮಣ್ಣು, ಜಂಬಿಟ್ಟಿಗೆ, ಜೇಡಿ, ಅದರ ಕೆಳಗಿನ ಅರೆಬರೆ ಶಿಥಿಲವಾದ ಕಲ್ಲಿನಲ್ಲಿ. ಅದಕ್ಕೂ ಕೆಳಗೆ ಇರುವುದು ಬಿರುಕು ಮಾತ್ರ. ಶಿಥಿಲ ಪದರ ಉಗ್ರಾಣವಾದರೆ ಬಿರುಕು ಅದರ ಬಾಗಿಲು. ಉಗ್ರಾಣ ಖಾಲಿಯಾದ ಮೇಲೆ ಬಾಗಿಲು ಎಷ್ಟು ಆಳದಲ್ಲಿದ್ದರೇನು?

ಹೈದರಾಬಾದ್ ಹತ್ತಿರದ ಮಹೇಶ್ವರಂನಲ್ಲಿ ಭಾರತ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಇಂಥದೇ ಗಟ್ಟಿಕಲ್ಲಿನ ನೆಲವನ್ನು ವರ್ಷಗಟ್ಟಲೆ ಅಳೆದು ನೋಡಿದ್ದಾರೆ. ನೀರು ಬಿಡುವ ಬಿರುಕುಗಳು ಹೆಚ್ಚಾಗಿ ಬಂಡೆಯ ನೆತ್ತಿಯಲ್ಲೇ, ಶಿಥಿಲ ಪದರಕ್ಕೆ ಅಂಟಿಕೊಂಡೇ ಇವೆ. ಕಲ್ಲು ಶಿಥಿಲವಾಗುವ ಕ್ರಿಯೆಯೇ ಅವನ್ನು ಹುಟ್ಟಿಸುತ್ತದೆ ಎಂಬುದು ಅವರ ಮುಖ್ಯ ತೀರ್ಮಾನ. ಆಳಕ್ಕೆ ಹೋದಂತೆ ಮೇಲಿನ ಭಾರಕ್ಕೆ ಬಿರುಕು ಬಿಗಿಯುತ್ತದೆ. ಐನೂರು ಅಡಿಯಲ್ಲಿ ನೀರು ಚಿಮ್ಮಿದ ಬೋರುಗಳು ಇಲ್ಲವೆಂದಲ್ಲ. ಊರಿನ ಬಾಯಲ್ಲಿ ಉಳಿಯುವುದೂ ಅವೇ. ಗಟ್ಟಿ ಬಂಡೆ ಸಿಕ್ಕಿದ ಮೇಲೆ ಇನ್ನೂರು ಅಡಿ ಒಂದೇ ಬಣ್ಣದ ಪುಡಿ ಬಂದಿದ್ದರೆ ಗಾಡಿ ಕಳಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಆದರೆ ಪುಡಿಯನ್ನು ನೋಡಿದವರಾದರೂ ಯಾರು? ಇಪ್ಪತ್ತು ಅಡಿಯ ರಾಡ್ ಒಂದೊಂದು ಇಳಿದಾಗಲೂ ಒಂದು ಹಿಡಿ ಪುಡಿ ಎತ್ತಿ ಸಾಲಾಗಿ ಇಟ್ಟರೆ ನೆಲ ತನ್ನ ಕಥೆ ಹೇಳುತ್ತದೆ. ಕೆಂಪು, ಹಳದಿ ಮುಗಿದು ಬಿಳಿಕಪ್ಪು ಚುಕ್ಕಿಯ ಪುಡಿ ಶುರುವಾದರೆ ನೈಸ್ ಬಂತು. ನಡುವೆ ಅಚ್ಚಗಪ್ಪು ಬಂದರೆ ಕರಿಕಲ್ಲಿನ ಡೈಕ್ ಇರಬಹುದು. ಅದು ನೀರಿಗೆ ಅಡ್ಡಗೋಡೆಯೂ ಆಗಬಲ್ಲದು, ಅದರ ಅಂಚಿನ ಬಿರುಕಿನಲ್ಲಿ ನೀರು ಸಿಗಲೂಬಹುದು. ಗಟ್ಟಿ ಕಲ್ಲಿನ ಚೂರುಗಳ ಮೇಲೆ ತುಕ್ಕಿನ ಕಲೆ ಕಂಡರೆ ಅಲ್ಲೊಂದು ಬಿರುಕಿದೆ, ಅದರಲ್ಲಿ ಎಂದೋ ನೀರು ಓಡಾಡಿದೆ ಎಂದರ್ಥ.

ಬರೆದಿಡದ ಕಾರಣಕ್ಕೇ ಪಾಯಿಂಟ್ ನೋಡುವವರ ಜಗಳವೂ ಮುಗಿಯುತ್ತಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತಿತು, ಕವೆಗೋಲು ತಿರುಗಿತು ಎನ್ನುವವರು ಗೆದ್ದ ಬೋರುಗಳನ್ನು ಎಣಿಸುತ್ತಾರೆ. ಅದೇ ಕಣಿವೆಯಲ್ಲಿ ಕಣ್ಣುಮುಚ್ಚಿ ಕೊರೆಸಿದ್ದರೆ ಎಷ್ಟು ಗೆಲ್ಲುತ್ತಿದ್ದವು ಎಂಬ ಲೆಕ್ಕ ಯಾರಲ್ಲೂ ಇಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ದಕಾರ್ಗಲ ಅಧ್ಯಾಯ ಇವರಿಗಿಂತ ಮೇಲು: ಹುತ್ತ, ಮರ, ಮಣ್ಣಿನ ಬಣ್ಣ ಎಂದು ಬೇರೆಯವರೂ ಹೋಗಿ ಪರೀಕ್ಷಿಸಬಹುದಾದ ಗುರುತುಗಳನ್ನಾದರೂ ಅದು ಕೊಡುತ್ತದೆ. ನೆಲಕ್ಕೆ ವಿದ್ಯುತ್ ಹರಿಸಿ ರೋಧ ಅಳೆಯುವ ಭೂವಿಜ್ಞಾನಿಗಳನ್ನೂ ದೇವರೆಂದು ನಂಬಬೇಕಿಲ್ಲ. ಶಿಥಿಲ ಪದರದ ದಪ್ಪವನ್ನು ಆ ಯಂತ್ರ ಚೆನ್ನಾಗಿಯೇ ಅಂದಾಜಿಸುತ್ತದೆ. ನಾನೂರು ಅಡಿ ಕೆಳಗಿನ ಬೆರಳಗಲದ ಬಿರುಕು ಅದಕ್ಕೆ ಕಾಣದು. ದಪ್ಪ ತಿಳಿದರೂ ಕಡಿಮೆಯೇನಲ್ಲ, ಏಕೆಂದರೆ ಕೇಸಿಂಗ್ ಖರ್ಚು ನಿಂತಿರುವುದು ಅದರ ಮೇಲೆ. ಫೋನಿನಲ್ಲಿ ಹೇಳುವ ದರ ಬರೀ ಕೊರೆತದ್ದು. ಮಣ್ಣು ಆಳವಿರುವ ನಮ್ಮ ಕಡೆ ಕೇಸಿಂಗ್ ಪೈಪೇ ಬಿಲ್ಲನ್ನು ಉಬ್ಬಿಸುತ್ತದೆ. ಅದನ್ನು ಗಟ್ಟಿ ಕಲ್ಲಿನೊಳಗೆ ಕೂರಿಸದೆ ಉಳಿತಾಯ ಮಾಡಿದರೆ ಜೇಡಿ ಕುಸಿಯುತ್ತದೆ, ಪಲ್ಪಿಂಗ್ ಕಾಲದಲ್ಲಿ ಕಾಫಿ ತೊಳೆದ ನೀರು ಬೋರಿಗಿಳಿಯುತ್ತದೆ.

ನೀರು ಸಿಕ್ಕಿತು ಅಂದುಕೊಳ್ಳೋಣ. ‘ಎರಡು ಇಂಚು’ ಎಂದು ಹಿಗ್ಗುವ ಮುಂಚೆ ಕೊಂಚ ಗಣಿತ ಬೇಕು. ತೊಂಬತ್ತು ಡಿಗ್ರಿಯ ವಿ ಆಕಾರದ ಕಚ್ಚಿನಲ್ಲಿ ಅಳೆದ ಒಂದು ಇಂಚು ಎಂದರೆ ಗಂಟೆಗೆ ಸುಮಾರು 500 ಲೀಟರ್. ಎರಡು ಇಂಚು ಅದರ ಎರಡರಷ್ಟಲ್ಲ, ಐದು ಪಟ್ಟಿಗೂ ಹೆಚ್ಚು: ಸುಮಾರು 2,900 ಲೀಟರ್. ಕೇಳಲು ದೊಡ್ಡದೇ. ಆದರೆ ರೊಬಸ್ಟಾಕ್ಕೆ ಹೂಮಳೆಯ ಬದಲು ಸ್ಪ್ರಿಂಕ್ಲರಿನಲ್ಲಿ ಒಂದು ಇಂಚು ನೀರು ಕೊಡಲು ಎಕರೆಗೆ ಒಂದು ಲಕ್ಷ ಲೀಟರ್ ಮೀರಿ ಬೇಕು. ಎರಡು ಇಂಚಿನ ಬೋರ್ ಕರೆಂಟು ಹೋಗದೆ ಓಡಿದರೂ ಎಕರೆಗೆ ಮೂವತ್ತೈದು ಗಂಟೆ; ಹತ್ತೆಕರೆಗೆ ಎರಡು ವಾರ. ಮನೆಗೆ, ಲೈನ್ ಮನೆಗಳಿಗೆ, ನರ್ಸರಿಗೆ ಬೋರ್ ಸಾಕು. ಹೂವರಳಿಸುವುದಕ್ಕೆ ಮಳೆನೀರು ನಿಲ್ಲಿಸಿದ ಕೆರೆಯೇ ಬೇಕು. ಅಡಕೆ ದಬ್ಬೆಯಲ್ಲಿ ಗುಡ್ಡದ ಒರತೆಯ ನೀರು ತರುತ್ತಿದ್ದ ಹಿರಿಯರೂ ಇದೇ ಉಗ್ರಾಣದಿಂದ ಪಡೆಯುತ್ತಿದ್ದರು, ತಾನಾಗಿ ಹೊರಬಂದಷ್ಟನ್ನು ಮಾತ್ರ. ಮೇಲಿನ ತೋಟದ ಬೋರ್ ಕೆಳಗಿನವರ ಒರತೆಯನ್ನು ಬತ್ತಿಸಬಹುದು ಎಂಬ ಮಾತು ಇಲ್ಲಿ ಬರೀ ಹೊಟ್ಟೆಕಿಚ್ಚಿನದಲ್ಲ.

ಬ್ರಿಟನ್ನಿನಲ್ಲಿ ನೀರಿಗಾಗಿ ಐವತ್ತು ಅಡಿಗಿಂತ ಆಳ ಕೊರೆಯುವವರು ಹಾದುಹೋದ ಪದರಗಳ ವಿವರ ಬರೆದು ಸರ್ಕಾರಿ ಭೂವಿಜ್ಞಾನ ಸಂಸ್ಥೆಗೆ ಒಪ್ಪಿಸಬೇಕೆಂದು ಕಾನೂನೇ ಇದೆ. ನಮ್ಮಲ್ಲೂ 2011ರ ಅಂತರ್ಜಲ ಕಾಯ್ದೆ ಇದೆ. ಆದರೆ ವಿವರ ಬರೆಸಿಕೊಳ್ಳಲು ಕಾನೂನಿಗಾಗಿ ಕಾಯಬೇಕಾಗಿಲ್ಲ. ಮುಂಗಡ ಕೊಡುವಾಗಲೇ ಕರಾರಿಗೆ ಒಂದು ಸಾಲು ಸೇರಿಸಿದರಾಯಿತು. ಗಟ್ಟಿ ಕಲ್ಲು ಎಷ್ಟು ಅಡಿಗೆ ಸಿಕ್ಕಿತು, ಕೇಸಿಂಗ್ ಎಲ್ಲಿ ಕೂತಿತು, ಪುಡಿ ಎಲ್ಲಿ ಬಣ್ಣ ಬದಲಿಸಿತು, ಎಲ್ಲೆಲ್ಲಿ ಎಷ್ಟು ನೀರು ಬಂತು ಎಂಬುದನ್ನು ಬಿಲ್ಲಿನ ಬೆನ್ನಿಗೆ ಬರೆದುಕೊಡದೆ ಬಾಕಿ ಹಣವಿಲ್ಲ. ಫೇಲಾದ ಬೋರಿಗೆ ಇದು ಇನ್ನೂ ಮುಖ್ಯ. ಪಕ್ಕದ ತೋಟದವರು ಅದೇ ಬಂಡೆಗೆ ಮತ್ತೆ ದುಡ್ಡು ಸುರಿಯುವುದು ತಪ್ಪುತ್ತದೆ.

ನಮ್ಮ ನೀರಿನ ಗುಟ್ಟನ್ನು ಊರಿಗೆಲ್ಲ ಯಾಕೆ ಹೇಳಬೇಕು ಎಂದು ಪ್ಲಾಂಟರುಗಳು ಕೇಳುತ್ತಾರೆ. ಅದೇ ಕಣಿವೆಯಲ್ಲಿ ಇಪ್ಪತ್ತು ಬೋರ್ ಹಾಕಿದ ಗಾಡಿಯವರಿಗೆ ಆ ಗುಟ್ಟು ಈಗಾಗಲೇ ಬಾಯಿಪಾಠ. ಗೊತ್ತಿಲ್ಲದಿರುವುದು ಹಣ ಕೊಟ್ಟ ಇಪ್ಪತ್ತು ಮನೆಯವರಿಗೆ ಮಾತ್ರ.